ಶುಗರ್ 280, ಆದ್ರೂ ನಾನು ಆರಾಮಾಗಿದ್ದೀನಿ!

ನಮ್ಮ ಚಾನೆಲ್‌ನಲ್ಲಿ ಡಾಕ್ಟರನ್ನು ಕೂರಿಸಿಕೊಂಡು ಫೋನ್-ಇನ್ ಕಾರ್ಯಕ್ರಮ ಮಾಡಿದಾಗಲೆಲ್ಲ ಒಂದು ಕರೆ ಬಂದೇ ಬರುತ್ತೆ. ಊರು ಬೇರೆ ಇರುತ್ತೆ, ದನಿ ಬೇರೆ ಇರುತ್ತೆ, ಮಾತು ಮಾತ್ರ ಒಂದೇ. "ಸಾರ್, ನನ್ನ ಶುಗರ್ 280 ಇದೆ ಅಂತಾರೆ. ಆದ್ರೆ ನಂಗೇನೂ ಆಗಿಲ್ಲ. ಚೆನ್ನಾಗಿ ಊಟ ಮಾಡ್ತೀನಿ, ತೋಟಕ್ಕೆ ಹೋಗಿ ಬರ್ತೀನಿ, ನಿದ್ದೆನೂ ಬರುತ್ತೆ. ಮಾತ್ರೆ ತಗೊಳ್ಳಲೇಬೇಕಾ?"

ಇದನ್ನು ದಡ್ಡ ಪ್ರಶ್ನೆ ಅಂತ ನಾನು ಹೇಳಲ್ಲ. ಹಲ್ಲು ನೋವು ಬಂದ್ರೆ ರಾತ್ರಿ ಹನ್ನೆರಡು ಗಂಟೆಗೂ ನಾವು ಮೆಡಿಕಲ್ ಶಾಪ್ ಹುಡುಕಿಕೊಂಡು ಹೋಗ್ತೀವಿ. ಜ್ವರ ಬಂದ್ರೆ ಹೊದ್ದು ಮಲಗ್ತೀವಿ. ಕಾಯಿಲೆ ಅಂದ್ರೆ ನೋಯಬೇಕು, ಸುಡಬೇಕು, ಮಲಗಿಸಬೇಕು. ನಮ್ಮ ಅಜ್ಜ-ಅಜ್ಜಿ ಕಾಲದಿಂದ ನಮಗೆ ಗೊತ್ತಿರೋದು ಇದೇ. ಸಕ್ಕರೆ ಕಾಯಿಲೆ ಈ ಯಾವುದನ್ನೂ ಮಾಡಲ್ಲ. ಹಾಗಾಗಿ ಅದನ್ನು ಕಾಯಿಲೆ ಅಂತ ಒಪ್ಪಿಕೊಳ್ಳೋಕೆ ಮನಸ್ಸು ಬರಲ್ಲ.

ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಿದ್ದರೆ ನಾನಿದನ್ನು ಮಾತಾಡುತ್ತಲೇ ಇರಲಿಲ್ಲ. 2023ರಲ್ಲಿ ಐಸಿಎಂಆರ್ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ನಡೆಸಿದ ದೇಶವ್ಯಾಪಿ ಅಧ್ಯಯನದ ವರದಿ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅಂದ್ರೆ ಇದನ್ನು ಓದುತ್ತಿರುವ ನಿಮಗಿಲ್ಲದಿದ್ದರೆ ನಿಮ್ಮ ಮನೆಯಲ್ಲಿ, ಮನೆಯಲ್ಲಿಲ್ಲದಿದ್ದರೆ ನಿಮ್ಮ ಬೀದಿಯಲ್ಲಿ ಒಬ್ಬರಿಗೆ ಇದ್ದೇ ಇದೆ.

ಮೊದಲು ಈ 280 ಅಂದ್ರೆ ಏನು ಅಂತ ನೋಡೋಣ. ಲ್ಯಾಬ್ ರಿಪೋರ್ಟ್‌ನಲ್ಲಿ ಬರೆದಿರೋದು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಅನ್ನೋ ಲೆಕ್ಕ. ದೊಡ್ಡವರ ಮೈಯಲ್ಲಿ ಹೆಚ್ಚುಕಮ್ಮಿ 5 ಲೀಟರ್ ರಕ್ತ ಇರುತ್ತೆ. ಶುಗರ್ 100 ಇದ್ರೆ ಅಷ್ಟೂ ರಕ್ತದಲ್ಲಿ ಇರೋ ಸಕ್ಕರೆ ಸುಮಾರು 5 ಗ್ರಾಂ. ಅಂದ್ರೆ ಒಂದು ಟೀ ಚಮಚ! ಇಡೀ ದೇಹ, ಮೆದುಳಿನಿಂದ ಕಾಲ್ಬೆರಳಿನವರೆಗೆ, ಆ ಒಂದು ಚಮಚವನ್ನು ಹೆಚ್ಚಾಗದ ಹಾಗೆ, ಕಡಿಮೆಯಾಗದ ಹಾಗೆ ಹಗಲು-ರಾತ್ರಿ ಕಾಯ್ತಾ ಇರುತ್ತೆ. 280 ಅಂದ್ರೆ ಒಂದು ಚಮಚ ಇರಬೇಕಾದ ಕಡೆ ಹತ್ತಿರ ಹತ್ತಿರ ಮೂರು ಚಮಚ. ಈಗ ಹೇಳಿ, ಇದು ಸ್ವಲ್ಪ ಜಾಸ್ತಿಯಾ?

ಆ ಸಕ್ಕರೆ ಅಲ್ಲಿ ಯಾಕೆ ನಿಂತುಕೊಂಡಿದೆ? ನಮ್ಮ ರೇಷನ್ ಅಂಗಡಿ ನೆನಪು ಮಾಡಿಕೊಳ್ಳಿ. ಗೋಡೌನ್‌ಗೆ ಅಕ್ಕಿ ಮೂಟೆ ಬಂದು ಬಿದ್ದಿದೆ. ಹೊರಗೆ ಜನ ಕ್ಯೂ ನಿಂತಿದ್ದಾರೆ. ಆದ್ರೆ ಶಟರ್ ತೆಗೆಯೋರಿಲ್ಲ. ಒಳಗೆ ಅಕ್ಕಿ ರಾಶಿ, ಹೊರಗೆ ಹಸಿವು. ನಾವು ತಿಂದ ಅನ್ನ, ಮುದ್ದೆ, ಚಪಾತಿ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತೆ. ಅದನ್ನು ಜೀವಕೋಶಗಳಿಗೆ ತಲುಪಿಸಬೇಕು ಅಂದ್ರೆ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗೋ ಇನ್ಸುಲಿನ್ ಬೇಕು. ಶಟರ್ ತೆಗೆಯೋ ಆಸಾಮಿ ಅದೇ. ಟೈಪ್ 1 ಡಯಾಬಿಟಿಸ್‌ನಲ್ಲಿ ಆ ಆಸಾಮಿಯೇ ಇಲ್ಲ ಅನ್ನಬಹುದು. ಟೈಪ್ 2ರಲ್ಲಿ, ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಇರೋದರಲ್ಲಿ, ಆತ ಇದ್ದಾನೆ, ಆದ್ರೆ ಶಟರ್ ತುಕ್ಕು ಹಿಡಿದಿದೆ. ವರ್ಷ ಕಳೆದ ಹಾಗೆ ಎಳೆದೆಳೆದು ಅವನೂ ಸೋತು ಹೋಗ್ತಾನೆ. ಶುಗರ್ ಜಾಸ್ತಿ ಇದ್ರೂ ಸುಸ್ತು ಯಾಕಾಗುತ್ತೆ ಅಂತ ಕೇಳ್ತಾರಲ್ಲ, ಅದಕ್ಕೆ ಉತ್ತರ ಇದೇ. ರಕ್ತದಲ್ಲಿ ರಾಶಿ ಬಿದ್ದಿದೆ, ಕೋಶಗಳು ಉಪವಾಸ ಇವೆ.

ಹಾಗಾದ್ರೆ ದೇಹ ಏನೂ ಹೇಳೋದೇ ಇಲ್ವಾ? ಹೇಳುತ್ತೆ, ಆದ್ರೆ ಮೆಲ್ಲಗೆ. ರಕ್ತದ ಸಕ್ಕರೆ 180ರ ಆಸುಪಾಸು ದಾಟಿದಾಗ ಕಿಡ್ನಿಗೆ ಅದನ್ನು ತಡೆದು ಹಿಡಿಯೋಕೆ ಆಗಲ್ಲ, ಮೂತ್ರಕ್ಕೆ ಬಿಡುತ್ತೆ. ಸಕ್ಕರೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತೆ. ಅದಕ್ಕೇ ರಾತ್ರಿ ನಾಲ್ಕು ಸಲ ಏಳೋದು, ಬಾಯಿ ಒಣಗೋದು, ಎಷ್ಟು ಕುಡಿದರೂ ದಾಹ ಹೋಗದೇ ಇರೋದು. ಕಣ್ಣು ಮಂಜಾಗುತ್ತೆ. ಗಾಯ ಬೇಗ ಮಾಯಲ್ಲ. ಕೆಲವರಿಗೆ ತೂಕ ಇಳಿಯುತ್ತೆ. ಮೂತ್ರಕ್ಕೆ ಇರುವೆ ಮುತ್ತೋದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿ 'ಮಧುಮೇಹ' ಅಂತ ಹೆಸರಿಟ್ಟರು. ಅವರ ಹತ್ತಿರ ಲ್ಯಾಬ್ ಇರಲಿಲ್ಲ, ಇರುವೆ ಇತ್ತು! ನಮ್ಮ ಹತ್ತಿರ ಬೀದಿಗೊಂದು ಲ್ಯಾಬ್ ಇದೆ. ನಾವೇನಂತೀವಿ? "ಬೇಸಿಗೆ ಅಲ್ವಾ, ದಾಹ ಜಾಸ್ತಿ." "ವಯಸ್ಸಾಯ್ತಲ್ಲ, ರಾತ್ರಿ ಏಳ್ಬೇಕಾಗುತ್ತೆ." "ತೂಕ ಇಳಿದಿದೆಯಾ? ಒಳ್ಳೇದೇ ಆಯ್ತು ಬಿಡು."

ವರ್ಷಗಟ್ಟಲೆ ಹೀಗೇ ಇದ್ದರೆ ಈ ಹೆಚ್ಚುವರಿ ಸಕ್ಕರೆ ರಕ್ತನಾಳದ ಗೋಡೆಗಳನ್ನು ಒಳಗಿಂದ ಹಾಳು ಮಾಡ್ತಾ ಹೋಗುತ್ತೆ. ಮೊದಲು ಪೆಟ್ಟು ಬೀಳೋದು ಕೂದಲೆಳೆಗಿಂತ ಸಣ್ಣ ನಾಳಗಳಿರೋ ಕಡೆ. ಕಣ್ಣಿನ ರೆಟಿನಾ, ಕಿಡ್ನಿ, ನರಗಳು. ದೊಡ್ಡ ನಾಳಗಳಿಗೆ ಪೆಟ್ಟಾದ್ರೆ ಹೃದಯಾಘಾತ, ಪಾರ್ಶ್ವವಾಯು. ಇಲ್ಲಿ ನರದ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ನೋವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸೋದು ಯಾರು? ನರ. ಸಕ್ಕರೆ ಕೆಡಿಸೋದು ಯಾವುದನ್ನು? ಆ ನರವನ್ನೇ. ಸುದ್ದಿ ತರೋ ವರದಿಗಾರನನ್ನೇ ಮುಗಿಸಿಬಿಟ್ಟರೆ ಸ್ಟುಡಿಯೋದಲ್ಲಿ ಕೂತವನಿಗೆ ಊರೆಲ್ಲ ಶಾಂತವಾಗೇ ಕಾಣುತ್ತೆ ಅಲ್ವಾ? ಹಾಗಾಗಿ "ನಂಗೇನೂ ನೋವಿಲ್ಲ ಸಾರ್" ಅನ್ನೋದು ಕೆಲವೊಮ್ಮೆ ಕಾಯಿಲೆ ಮುಂದುವರಿದಿದೆ ಅನ್ನೋದಕ್ಕೇ ಸಾಕ್ಷಿ.

ನನ್ನ ಸೋದರಮಾವ ಒಬ್ಬರು ರಿಟೈರ್ಡ್ ಮೇಷ್ಟ್ರು. ಶುಗರ್ ಇದೆ ಅಂತ ಗೊತ್ತಾಗಿ ಎಂಟು ವರ್ಷ ಆಗಿತ್ತು. ಮದುವೆ ಮನೆಯಲ್ಲಿ ಹೋಳಿಗೆ ಹಾಕಿಸಿಕೊಂಡು, "ನೋಡ್ರೋ, ಒಂದು ಮಾತ್ರೆ ನುಂಗಿಲ್ಲ, ಕಲ್ಲುಗುಂಡಿನ ಹಾಗಿದ್ದೀನಿ" ಅಂತ ಎದೆ ತಟ್ಟಿಕೊಳ್ಳೋರು. ಒಂದು ದಿನ ಪೇಟೆ ಸುತ್ತಿ ಮನೆಗೆ ಬಂದು ಕೂತಿದ್ದಾರೆ. ಅತ್ತೆ ಕಾಫಿ ತಂದವರು, "ಏನ್ರೀ ಇದು, ನೆಲದ ಮೇಲೆಲ್ಲ ರಕ್ತ!" ಅಂತ ಕೂಗಿದರು. ಚಪ್ಪಲಿಯ ಮೊಳೆ ಮೇಲೆದ್ದು ಕಾಲ್ಬೆರಳಿನ ಬುಡಕ್ಕೆ ಹೊಕ್ಕಿತ್ತು. ಆ ಮೊಳೆ ಚುಚ್ಚಿಕೊಂಡೇ ಮಾವ ಎರಡು ಕಿಲೋಮೀಟರ್ ನಡೆದು ಬಂದಿದ್ದರು. ಗೊತ್ತೇ ಆಗಿರಲಿಲ್ಲ! ಅರಿಶಿನ ಮೆತ್ತಿ ಸುಮ್ಮನಾದರು. ಹದಿನೈದು ದಿನಕ್ಕೆ ಬೆರಳು ಕಪ್ಪಾಯಿತು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ, "ಕೊನೇ ಸಲ ಶುಗರ್ ನೋಡಿಸಿದ್ದು ಯಾವಾಗ ಮೇಷ್ಟ್ರೇ?" ಮಾವ ಅಂದರು, "ಎರಡು ವರ್ಷ ಆಯ್ತೇನೋ. ನಂಗೇನೂ ಆಗಿರಲಿಲ್ಲವಲ್ಲ."

ಹೃದಯದ ವಿಷಯದಲ್ಲೂ ಹೀಗೇ. ಹಳೇ ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಹೃದಯಾಘಾತ ಆದ್ರೂ ಎದೆ ನೋವು ಬರಲ್ಲ. ಬರೀ ಉಸಿರು ಕಟ್ಟೋದು, ಬೆವರು, ವಿಪರೀತ ಸುಸ್ತು ಅಷ್ಟೇ. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ. ಇಸಿಜಿ ಮಾಡಿಸಿ.

ಇಷ್ಟೆಲ್ಲ ಹೇಳಿ ಹೆದರಿಸಿ ಬಿಡೋದು ನನ್ನ ಉದ್ದೇಶ ಅಲ್ಲ. ಯಾಕಂದ್ರೆ ಇದನ್ನು ತಡೆಯೋಕಾಗುತ್ತೆ, ಅದಕ್ಕೆ ಪುರಾವೆ ಇದೆ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಇರುವ 1441 ಜನರನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದರು. ಒಂದು ಗುಂಪಿಗೆ ಆಗಿನ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಬಿಗಿ ನಿಯಂತ್ರಣ. 1993ರಲ್ಲಿ ಫಲಿತಾಂಶ ಬಂತು. ಬಿಗಿಯಾಗಿ ನಿಯಂತ್ರಿಸಿದವರಲ್ಲಿ ಕಣ್ಣಿನ ರೆಟಿನಾ ಹಾಳಾಗೋ ಅಪಾಯ ಶೇ. 76ರಷ್ಟು ಕಡಿಮೆಯಾಗಿತ್ತು. 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಟೈಪ್ 2 ಇರುವವರಲ್ಲೂ ಸಣ್ಣ ರಕ್ತನಾಳಗಳ ತೊಂದರೆ ಹೀಗೆ ಕಡಿಮೆಯಾಗುತ್ತೆ ಅಂತ ತೋರಿಸಿತು. ಶುಗರ್ ಇಳಿಸಿದರೆ ಕಣ್ಣು ಉಳಿಯುತ್ತೆ, ಕಿಡ್ನಿ ಉಳಿಯುತ್ತೆ. ಲೆಕ್ಕ ನೇರವಾಗಿದೆ.

ಆದ್ರೆ ಯಾವ ಶುಗರ್? ನಮ್ಮ ಜನ ಏನು ಮಾಡ್ತಾರೆ ಗೊತ್ತಾ? ನಾಳೆ ಟೆಸ್ಟ್ ಅಂದ್ರೆ ಇವತ್ತು ರಾತ್ರಿ ಎರಡೇ ಇಡ್ಲಿ. ಮೂರು ದಿನದಿಂದ ಹಾಗಲಕಾಯಿ ಜ್ಯೂಸ್. ರಿಪೋರ್ಟ್ ಚೆನ್ನಾಗಿ ಬಂತು ಅಂತ ಅವತ್ತೇ ಸಂಜೆ ಮಸಾಲೆ ದೋಸೆ, ಜೊತೆಗೊಂದು ಜಾಮೂನು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗೋ ಹುಡುಗರ ಬುದ್ಧಿ ಇದು. ಯಾರಿಗೆ ಮೋಸ ಮಾಡ್ತಿದ್ದೀರಿ ಸ್ವಾಮಿ? ಡಾಕ್ಟರಿಗಾ?

ಆ ಮೋಸ ಎಚ್‌ಬಿಎ1ಸಿ ಅನ್ನೋ ಟೆಸ್ಟ್ ಮುಂದೆ ನಡೆಯಲ್ಲ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕ್ತವೆ. ಅಷ್ಟೂ ದಿನ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೋ ಅದಕ್ಕೆ ತಕ್ಕ ಹಾಗೆ ಅವುಗಳ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಳ್ಳುತ್ತೆ. ಹಾಗಾಗಿ ಈ ಟೆಸ್ಟ್ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತೆ. ಶೇ. 7 ಬಂದ್ರೆ ಸರಾಸರಿ ಶುಗರ್ ಸುಮಾರು 154 ಇತ್ತು ಅಂತ. ಶೇ. 9 ಬಂದ್ರೆ 212ರ ಹತ್ತಿರ. ರಕ್ತಹೀನತೆ ಇದ್ದವರಲ್ಲಿ ಈ ಲೆಕ್ಕ ಆಚೀಚೆ ಆಗಬಹುದು, ಅದನ್ನು ಡಾಕ್ಟರಿಗೆ ಹೇಳಿ.

ನೆನಪಿಡಬೇಕಾದ ಅಂಕಿಗಳು ಇವು. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚು ಬಂದು, ಮತ್ತೊಂದು ಟೆಸ್ಟ್‌ನಲ್ಲೂ ಖಚಿತವಾದರೆ ಅದು ಡಯಾಬಿಟಿಸ್. ಕಾಯಿಲೆ ಇರುವ ಹೆಚ್ಚಿನವರಿಗೆ ಡಾಕ್ಟರು ಇಡುವ ಗುರಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ. ತುಂಬಾ ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಈ ಗುರಿ ಸ್ವಲ್ಪ ಸಡಿಲ ಇರುತ್ತೆ. ಪಕ್ಕದ ಮನೆಯವರ ನಂಬರ್ ಜೊತೆ ನಿಮ್ಮ ನಂಬರ್ ತೂಗಿ ನೋಡಬೇಡಿ.

ಇನ್ನು ಶುಗರ್ ಏರೋದು ಯಾಕೆ? ಎಲ್ಲರೂ ಸ್ವೀಟ್ ಕಡೆ ಬೆರಳು ತೋರಿಸ್ತಾರೆ. "ನಾನು ಸ್ವೀಟೇ ಮುಟ್ಟಲ್ಲ ಸಾರ್, ಬರೀ ರಾಗಿ" ಅಂತಾರೆ. ರಾಗಿ ಒಳ್ಳೇದು, ನಾರಿನಂಶ ಇದೆ, ಕ್ಯಾಲ್ಸಿಯಂ ಇದೆ. ಆದ್ರೆ ಅದರಲ್ಲೂ ಮುಕ್ಕಾಲು ಪಾಲಿಗೆ ಹತ್ತಿರ ಪಿಷ್ಟವೇ. ಕ್ರಿಕೆಟ್ ಬಾಲ್ ಗಾತ್ರದ ಎರಡು ಮುದ್ದೆ ನುಂಗಿ, ಮೇಲೊಂದಿಷ್ಟು ಅನ್ನ ಉಂಡರೆ ಶುಗರ್ ಏರದೆ ಇನ್ನೇನಾಗುತ್ತೆ? ಅದೇ ರಾಗಿಯನ್ನು ನುಣ್ಣಗೆ ಬೀಸಿ ಅಂಬಲಿ, ಮಾಲ್ಟ್ ಮಾಡಿ ಕುಡಿದರೆ ಇನ್ನೂ ಬೇಗ ಏರುತ್ತೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ ಕಾಫಿ ಕುಡಿಯೋರು ಇದ್ದಾರೆ. ಬೆಲ್ಲದಲ್ಲಿ ಬಹುಪಾಲು ಇರೋದು ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ. ಅರ್ಧ ತಟ್ಟೆ ತರಕಾರಿ-ಸೊಪ್ಪು, ಕಾಲು ತಟ್ಟೆ ಬೇಳೆ-ಕಾಳು-ಮೊಟ್ಟೆಯಂಥದ್ದು, ಉಳಿದ ಕಾಲು ತಟ್ಟೆ ಮಾತ್ರ ಅನ್ನ ಅಥವಾ ಮುದ್ದೆ. ಊಟ ಆದ ಮೇಲೆ ಒಂದು ಸಣ್ಣ ವಾಕ್. ಇಷ್ಟಕ್ಕೇ ನಂಬರ್ ಬದಲಾಗೋದನ್ನು ನೀವೇ ನೋಡ್ತೀರಿ.

ಏನೂ ತಿನ್ನದೆಯೂ ಏರಬಹುದು. "ರಾತ್ರಿ ಮಲಗುವಾಗ 130, ಬೆಳಗ್ಗೆ ಎದ್ದರೆ 170, ನಡುವೆ ಏನು ತಿಂದೆ ನಾನು?" ಅಂತ ಕೇಳ್ತಾರೆ. ಬೆಳಗಿನ ಜಾವ ದೇಹ ಏಳೋಕೆ ತಯಾರಾಗುವಾಗ ಕೆಲವು ಹಾರ್ಮೋನುಗಳು ಹೊರಬರ್ತವೆ. ಲಿವರ್ ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತೆ. ಅದನ್ನು ಸಂಭಾಳಿಸೋಕೆ ಇನ್ಸುಲಿನ್ ಸಾಲಲ್ಲ. ಜ್ವರ, ಸೋಂಕು, ನಿದ್ದೆಗೆಟ್ಟ ರಾತ್ರಿಗಳು, ಮಾನಸಿಕ ಒತ್ತಡ, ತಪ್ಪಿಹೋದ ಮಾತ್ರೆ, ಎಲ್ಲವೂ ಶುಗರ್ ಏರಿಸ್ತವೆ. ಜೊತೆಗೆ ಸ್ಟಿರಾಯ್ಡ್.

ಸ್ಟಿರಾಯ್ಡ್ ಅಂದ ಕೂಡಲೇ 2021ರ ಮೇ ತಿಂಗಳು ನನ್ನ ಕಣ್ಣ ಮುಂದೆ ಬರುತ್ತೆ. ಕೋವಿಡ್ ಎರಡನೇ ಅಲೆ. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ ಅಂತ ಓದಿ ಓದಿ ಗಂಟಲು ಒಣಗಿದ್ದ ದಿನಗಳಲ್ಲಿ ಹೊಸದೊಂದು ಹೆಸರು ಬಂತು. ಬ್ಲ್ಯಾಕ್ ಫಂಗಸ್. ಕೋವಿಡ್ ಗೆದ್ದು ಮನೆಗೆ ಬಂದವರು ಕಣ್ಣು ಕಳೆದುಕೊಂಡರು, ದವಡೆ ಕಳೆದುಕೊಂಡರು, ಎಷ್ಟೋ ಜನ ಜೀವ ಕಳೆದುಕೊಂಡರು. ಆಂಫೋಟೆರಿಸಿನ್ ಇಂಜೆಕ್ಷನ್‌ಗಾಗಿ ಮಕ್ಕಳು ಊರೂರು ಅಲೆದರು. ನಾವು ದಿನಾ ಅದನ್ನೇ ತೋರಿಸಿದೆವು. ಆ ಶಿಲೀಂಧ್ರ ಎಲ್ಲೋ ಹೊರಗಿಂದ ಬಂದ ಭೂತ ಅಲ್ಲ, ಮಣ್ಣಲ್ಲಿ, ಗಾಳಿಯಲ್ಲಿ ಮೊದಲಿಂದ ಇರೋದೇ. ಅದಕ್ಕೆ ದಾರಿ ಮಾಡಿಕೊಟ್ಟಿದ್ದರಲ್ಲಿ ಏರಿದ ಶುಗರ್‌ಗೆ ಮತ್ತು ಅದನ್ನು ಇನ್ನೂ ಏರಿಸಿದ ಸ್ಟಿರಾಯ್ಡ್‌ಗೆ ದೊಡ್ಡ ಪಾಲಿತ್ತು. ಶುಗರ್ ಹೆಚ್ಚಿದಾಗ ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳ ಕೈ ಕಟ್ಟಿಹಾಕಿದ ಹಾಗೆ ಆಗುತ್ತೆ. ತಮಗೆ ಸಕ್ಕರೆ ಕಾಯಿಲೆ ಇದೆ ಅಂತ ಕೆಲವರಿಗೆ ಗೊತ್ತಾಗಿದ್ದೇ ಆಸ್ಪತ್ರೆಯ ಬೆಡ್ ಮೇಲೆ. ಸ್ಟಿರಾಯ್ಡ್ ಜೀವ ಉಳಿಸೋ ಔಷಧ, ಡಾಕ್ಟರ್ ಬರೆದುಕೊಟ್ಟರೆ ಬೇಡ ಅನ್ನಬೇಡಿ. ಆದ್ರೆ "ನನಗೆ ಶುಗರ್ ಇದೆ" ಅಂತ ಬಾಯಿ ಬಿಟ್ಟು ಹೇಳಿ. ಆ ದಿನಗಳಲ್ಲಿ ಶುಗರ್ ಹೆಚ್ಚು ಸಲ ನೋಡಿಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ನಿಧಾನದ ವಿಷ. ಒಂದೆರಡು ದಿನದಲ್ಲೇ ಜೀವಕ್ಕೆ ಬರೋ ಸಂದರ್ಭಗಳೂ ಇವೆ. ಮುಖ್ಯವಾಗಿ ಟೈಪ್ 1 ಇರುವವರಲ್ಲಿ, ಕೆಲವೊಮ್ಮೆ ಟೈಪ್ 2ರಲ್ಲೂ, ಇನ್ಸುಲಿನ್ ತೀರಾ ಕಡಿಮೆಯಾದಾಗ ದೇಹ ಕೊಬ್ಬನ್ನು ಕರಗಿಸಿ ಉರಿಸೋಕೆ ಶುರು ಮಾಡುತ್ತೆ. ಆಗ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ತುಂಬುತ್ತೆ. ವಾಂತಿ, ಹೊಟ್ಟೆ ನೋವು, ಉದ್ದುದ್ದ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ, ಮಂಪರು. ಇನ್ನೊಂದು ವಯಸ್ಸಾದವರಲ್ಲಿ. ಜ್ವರವೋ ಭೇದಿಯೋ ಆಗಿ ನೀರು ಕುಡಿಯದೆ ಮಲಗಿದವರ ಶುಗರ್ 600 ದಾಟುತ್ತೆ, ದೇಹದ ನೀರು ಬತ್ತುತ್ತೆ, ಮಾತು ತೊದಲುತ್ತೆ, ಗುರುತು ತಪ್ಪುತ್ತೆ. "ಅಜ್ಜಿಗೆ ಅರಳು ಮರಳು" ಅಂತ ಬಿಡಬೇಡಿ. ಎರಡಕ್ಕೂ ಮನೆಮದ್ದಿಲ್ಲ, ಆಸ್ಪತ್ರೆಯೇ ಗತಿ.

ಇಲ್ಲಿ ನಾವು ಪದೇ ಪದೇ ಮಾಡೋ ಒಂದು ಎಡವಟ್ಟಿದೆ. "ಜ್ವರ ಬಂದು ಊಟ ಮಾಡಿಲ್ಲ, ಹಂಗಾಗಿ ಇನ್ಸುಲಿನ್ ಹಾಕಿಲ್ಲ." ಊಟ ಬಿಟ್ಟರೂ ಜ್ವರವೇ ಶುಗರ್ ಏರಿಸುತ್ತೆ ಅಂತ ಈಗ ತಾನೇ ಹೇಳಿದೆ. ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡೋಸ್ ಬದಲಾಗಬಹುದು, ಕೆಲವು ಮಾತ್ರೆಗಳನ್ನು ಆ ದಿನಗಳಲ್ಲಿ ನಿಲ್ಲಿಸಬೇಕಾಗಬಹುದು. ಅದನ್ನು ನಿಮ್ಮ ಡಾಕ್ಟರ್ ಹೇಳಬೇಕು. ನೀವಾಗೇ ನಿರ್ಧಾರ ಮಾಡಬೇಡಿ, ಒಂದು ಫೋನ್ ಮಾಡಿ.

ಇದರ ಉಲ್ಟಾ ಪರಿಸ್ಥಿತಿಯೂ ಗೊತ್ತಿರಲಿ. ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ತಡವಾದರೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ಕೈ ನಡುಗುತ್ತೆ, ಬೆವರುತ್ತೆ, ವಿಪರೀತ ಹಸಿವು, ಗೊಂದಲ. ಆಗ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಹೆಚ್ಚೋ ಕಡಿಮೆಯೋ ಗೊತ್ತಾಗುತ್ತಿಲ್ಲ, ಮನೆಯಲ್ಲಿ ಮೀಟರೂ ಇಲ್ಲ ಅಂದ್ರೆ ಸಕ್ಕರೆ ಕೊಟ್ಟೇ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ.

"ಶುಗರ್ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಿಬಿಟ್ಟೆ" ಅನ್ನೋರಿಗೂ ಒಂದು ಮಾತು. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ! ಕೊಡೆ ಹಿಡಿದಿದ್ದಕ್ಕೆ ನೆನೆದಿಲ್ಲ, ನೆನೆದಿಲ್ಲ ಅಂತ ಮಳೆಯಲ್ಲಿ ಕೊಡೆ ಮಡಚಿದ ಹಾಗಾಯ್ತು ಇದು. ಚೆನ್ನಾಗಿ ತೂಕ ಇಳಿಸಿ, ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ತಂದವರು ಇದ್ದಾರೆ, ಇಲ್ಲ ಅನ್ನಲ್ಲ. ಅದು ಡಾಕ್ಟರ ಕಣ್ಗಾವಲಲ್ಲಿ ಆಗಬೇಕು. ಅವರೂ ಟೆಸ್ಟ್ ನಿಲ್ಲಿಸೋ ಹಾಗಿಲ್ಲ.

ಇನ್ನು "21 ದಿನದಲ್ಲಿ ಸಕ್ಕರೆ ಕಾಯಿಲೆ ಶಾಶ್ವತ ಗುಣ" ಅನ್ನೋ ಪುಡಿ, ಕಷಾಯ. ಟಿವಿಯಲ್ಲೇ ಬರುತ್ತಲ್ಲ ಸಾರ್ ಅಂತೀರಾ? ಬರುತ್ತೆ. ಟಿವಿಯಲ್ಲೇ ಕೂತು ನಾನೇ ಹೇಳ್ತಿದ್ದೀನಿ ಕೇಳಿ. ಡಯಾಬಿಟಿಸ್ ಗುಣಪಡಿಸ್ತೀವಿ ಅಂತ ಔಷಧದ ಜಾಹೀರಾತು ಕೊಡೋದೇ ಈ ದೇಶದಲ್ಲಿ ಕಾನೂನು ಪ್ರಕಾರ ತಪ್ಪು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಡಯಾಬಿಟಿಸ್ ಹೆಸರು ಸ್ಪಷ್ಟವಾಗಿದೆ. ಕಾನೂನಿಗೆ ಎಪ್ಪತ್ತು ವರ್ಷ ಆಯ್ತು, ಪುಡಿ ಮಾರೋರು ಇನ್ನೂ ಆರಾಮಾಗಿದ್ದಾರೆ. ಆ ಪುಡಿ ನಂಬಿ ಮಾತ್ರೆ ಬಿಟ್ಟವರು ಆರಾಮಾಗಿರಲ್ಲ.

ಹಾಗಾದ್ರೆ ಮಾಡಬೇಕಾದ್ದೇನು? ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ನಾಚಿಕೆ ಬಿಟ್ಟು ಹೋಗಿ. ಕಾಯಿಲೆ ಇದ್ದವರು ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ ಆಗಬೇಕು. ಕನ್ನಡಕದ ನಂಬರ್ ನೋಡಿಸಿದರೆ ಅದು ಆ ಪರೀಕ್ಷೆ ಅಲ್ಲ. ಕಿಡ್ನಿಗಾಗಿ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಜೊತೆಗೆ ಬಿಪಿ, ಕೊಲೆಸ್ಟ್ರಾಲ್. ಮನೆಯಲ್ಲಿ ಮೀಟರ್ ಇದ್ದರೆ ಬೆರಳು ಚುಚ್ಚೋ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಲೆಕ್ಕ ಹೇಳುತ್ತೆ! ಬಂದ ನಂಬರನ್ನು ತಾರೀಖು, ಹೊತ್ತು ಹಾಕಿ ಬರೆದಿಡಿ. ಡಾಕ್ಟರಿಗೆ ನಿಮ್ಮ ನೆನಪಿಗಿಂತ ಆ ಪುಸ್ತಕ ಹೆಚ್ಚು ಉಪಯೋಗ.

ಹೊರಗೆ ಹೋಗುವಾಗ ಚಪ್ಪಲಿ ಬಿಡಬೇಡಿ, ಹಾಕೋ ಮೊದಲು ಒಳಗೆ ಕೈಯಾಡಿಸಿ ನೋಡಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ, ಅಂಗಾಲು ಬೊಬ್ಬೆ ಎದ್ದಿದ್ದು ರಾತ್ರಿ ಗೊತ್ತಾಗೋರಿದ್ದಾರೆ. ಬೆಳಗ್ಗೆ ತಂಪು ಹೊತ್ತಲ್ಲಿ ಹೋದರೂ ದೇವರು ಅಲ್ಲೇ ಇರ್ತಾನೆ.

ವಯಸ್ಸಾದ ಅಪ್ಪ-ಅಮ್ಮ ತಮ್ಮ ಅಂಗಾಲನ್ನು ತಾವು ಬಗ್ಗಿ ನೋಡಿಕೊಳ್ಳೋಕೆ ಆಗಲ್ಲ. ಕಣ್ಣೂ ಮಂಜು, ಸೊಂಟವೂ ಬಗ್ಗಲ್ಲ. ಅದು ಮಕ್ಕಳ ಕೆಲಸ. ಇವತ್ತು ರಾತ್ರಿ ನ್ಯೂಸ್ ಮುಗಿದ ಮೇಲೆ ಟಿವಿ ಆಫ್ ಮಾಡಿ, ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲೈಟಿನ ಬೆಳಕಲ್ಲಿ ಒಮ್ಮೆ ನೋಡಿ. ಬೆರಳ ಸಂದಿಯಲ್ಲಿ ಗಾಯ ಇದೆಯಾ, ಹಿಮ್ಮಡಿ ಒಡೆದಿದೆಯಾ, ಎಲ್ಲಾದರೂ ಬಣ್ಣ ಬದಲಾಗಿದೆಯಾ. ಕೊನೇ ಸಲ ಶುಗರ್ ನೋಡಿಸಿದ ರಿಪೋರ್ಟ್ ಎಲ್ಲಿದೆ ಅಂತ ಕೇಳಿ, ಅದರ ಮೇಲಿನ ತಾರೀಖು ಓದಿ. ಮೂರು ತಿಂಗಳು ದಾಟಿದ್ದರೆ ನಾಳೆ ಬೆಳಗ್ಗೆ ಕಾಫಿಗೆ ಮುಂಚೆ ಅವರನ್ನು ಲ್ಯಾಬ್‌ಗೆ ಕರೆದುಕೊಂಡು ಹೋಗಿ. "ನಂಗೇನೂ ಆಗಿಲ್ಲ ಬಿಡೋ" ಅಂತಾರೆ. ಅನ್ನಲಿ, ನೀವು ಗಾಡಿ ಸ್ಟಾರ್ಟ್ ಮಾಡಿ.